ಬ್ರದರ್ ಆಂಡ್ರ್ಯೂ ಗೊನ್ಸಾಲೆಸ್: ವರದಿ ಬರೆದವರೇ ಶಿಕ್ಷಣ ಸಚಿವರಾದಾಗ

ಸಾಮಾನ್ಯವಾಗಿ ನಡೆಯೋದು ಹೀಗೆ: ತಜ್ಞರು ವರದಿ ಬರೀತಾರೆ, ಸಚಿವರು ಅದನ್ನು ಕಪಾಟಿಗೆ ಸೇರಿಸ್ತಾರೆ, ಮುಂದಿನ ಸರ್ಕಾರ ಇನ್ನೊಂದು ಸಮಿತಿ ಮಾಡುತ್ತೆ. ಫಿಲಿಪ್ಪೀನ್ಸ್‌ನಲ್ಲಿ 1998ರಲ್ಲಿ ಈ ಸರಪಳಿ ಒಂದು ಕಡೆ ತುಂಡಾಯಿತು. ಶಾಲೆಯ ಭಾಷಾ ನೀತಿ ಬಡ ಮಕ್ಕಳಿಗೆ ಏನು ಮಾಡಿದೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿದ್ದ ಭಾಷಾ ವಿಜ್ಞಾನಿಯೇ ಶಿಕ್ಷಣ ಖಾತೆಯ ಕುರ್ಚಿಯಲ್ಲಿ ಕೂತರು. ಅವರೇ ಆಂಡ್ರ್ಯೂ ಗೊನ್ಸಾಲೆಸ್. ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದು 'ಬ್ರದರ್ ಆಂಡ್ರ್ಯೂ' ಅಂತ.

ಕನ್ನಡ ಮಾಧ್ಯಮ, ಇಂಗ್ಲಿಷ್ ಮಾಧ್ಯಮದ ವಾದಗಳನ್ನು ಕೇಳಿಕೊಂಡೇ ಬೆಳೆದ ನನಗೆ ಇವರ ಬಗ್ಗೆ ಓದೋಕೆ ಬೇರೆ ನೆಪ ಬೇಕಿರಲಿಲ್ಲ. ಆದರೆ ಇದು ನಮ್ಮ ಕತೆ ಅಲ್ಲ, ಅವರದ್ದು.

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. 'ಬ್ರದರ್' ಅಂದರೆ ಪಾದ್ರಿ ಅಲ್ಲ. ಫ್ರಾನ್ಸ್‌ನಲ್ಲಿ ಹದಿನೇಳನೇ ಶತಮಾನದಲ್ಲಿ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಕಟ್ಟಿದ ಕ್ಯಾಥೊಲಿಕ್ ಸಂಘದ ಸದಸ್ಯರು ಇವರು. ಮದುವೆ ಇಲ್ಲ, ಸ್ವಂತ ಆಸ್ತಿ ಇಲ್ಲ, ಪೂಜೆ ನಡೆಸುವ ಅಧಿಕಾರವೂ ಇಲ್ಲ. ಪಾಠ ಮಾಡೋದೇ ವ್ರತ. ಈ ಸಂಘ ಮನಿಲಾಕ್ಕೆ ಬಂದದ್ದು 1911ರಲ್ಲಿ. ಎರಡನೆಯದು, 'ಸೆಕ್ರೆಟರಿ'. ಅಲ್ಲಿನ ಎಜುಕೇಶನ್ ಸೆಕ್ರೆಟರಿ ನಮ್ಮ ಐಎಎಸ್ ಕಾರ್ಯದರ್ಶಿ ಥರ ಅಲ್ಲ, ಸಂಪುಟ ಸಚಿವರು. ಅಧ್ಯಕ್ಷರು ನೇಮಿಸ್ತಾರೆ, ಚುನಾವಣೆ ಗೆದ್ದು ಬರಬೇಕಿಲ್ಲ. ಹಾಗಾಗಿಯೇ ಒಬ್ಬ ಪ್ರೊಫೆಸರ್ ನೇರವಾಗಿ ಆ ಕುರ್ಚಿಗೆ ಬರೋದು ಸಾಧ್ಯ.

ಗೊನ್ಸಾಲೆಸ್ ಹುಟ್ಟಿದ್ದು 1940ರ ಫೆಬ್ರವರಿ 29ರಂದು, ಮನಿಲಾದಲ್ಲಿ. ಚಿಕ್ಕ ವಯಸ್ಸಿನಲ್ಲೇ ಸಂಘ ಸೇರಿದರು. ಇಂಗ್ಲಿಷ್ ಸಾಹಿತ್ಯ ಓದಿ, ನಂತರ ಅಮೆರಿಕದ ಬರ್ಕ್ಲಿಯಲ್ಲಿ ಭಾಷಾ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದರು. ಅವರು ಆಳವಾಗಿ ಅಧ್ಯಯನ ಮಾಡಿದ ಭಾಷೆ ಮನಿಲಾದ ಉತ್ತರಕ್ಕಿರುವ ಪಂಪಾಂಗ ಪ್ರಾಂತ್ಯದ ಕಪಂಪಾಂಗನ್. ಆ ಭಾಷೆಯ ರಚನೆಯನ್ನು ವಿವರಿಸುವ ಅವರ ಪುಸ್ತಕ 1981ರಲ್ಲಿ ಬಂತು. ಕಪಂಪಾಂಗನ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅವರು ಎದುರಿಸಿದ ಪ್ರಶ್ನೆ ಅರ್ಥ ಆಗಬೇಕಾದರೆ ಸ್ವಲ್ಪ ಇತಿಹಾಸ ಬೇಕು. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ಈ ದೇಶದಲ್ಲಿ 170ಕ್ಕೂ ಹೆಚ್ಚು ಭಾಷೆಗಳಿವೆ. ಸ್ಪೇನ್‌ನಿಂದ ದೇಶವನ್ನು ಕಸಿದುಕೊಂಡ ಅಮೆರಿಕ 1901ರಲ್ಲಿ ಶಾಲಾ ಕಾನೂನು ತಂದು ಇಂಗ್ಲಿಷನ್ನೇ ಮಾಧ್ಯಮ ಮಾಡಿತು. ಅದೇ ವರ್ಷ 'ಥಾಮಸ್' ಅನ್ನೋ ಹಡಗಿನಲ್ಲಿ ನೂರಾರು ಅಮೆರಿಕನ್ ಮೇಷ್ಟ್ರುಗಳು ಬಂದಿಳಿದರು. ಸ್ಪೇನ್‌ನವರು ಮುನ್ನೂರು ವರ್ಷ ಆಳಿಯೂ ತಮ್ಮ ಭಾಷೆಯನ್ನು ಜನಸಾಮಾನ್ಯರಿಗೆ ಕಲಿಸಿರಲಿಲ್ಲ. ಅಮೆರಿಕನ್ನರು ಒಂದೇ ತಲೆಮಾರಿನಲ್ಲಿ ಶಾಲೆ, ಕಚೇರಿ, ಕೋರ್ಟು ಎಲ್ಲೆಡೆ ಇಂಗ್ಲಿಷ್ ಕೂರಿಸಿದರು. 1937ರಲ್ಲಿ ಅಧ್ಯಕ್ಷ ಮ್ಯಾನುಯೆಲ್ ಕೆಜೋನ್ ರಾಷ್ಟ್ರಭಾಷೆಗೆ ತಗಾಲೊಗ್ ಆಧಾರ ಅಂತ ಘೋಷಿಸಿದರು. ತಗಾಲೊಗ್ ರಾಜಧಾನಿ ಸುತ್ತಮುತ್ತಲಿನ ಭಾಷೆ. ಸೆಬುವಾನೊ ಮಾತಾಡುವವರು ಇದನ್ನು ಸುಮ್ಮನೆ ಒಪ್ಪಲಿಲ್ಲ, ಇವತ್ತಿಗೂ ಪೂರ್ತಿ ಒಪ್ಪಿಲ್ಲ. 1959ರಲ್ಲಿ ಆ ಭಾಷೆಗೆ 'ಪಿಲಿಪಿನೊ' ಅಂತ ಹೆಸರಿಟ್ಟರು, 1987ರ ಸಂವಿಧಾನದಲ್ಲಿ ಅದು 'ಫಿಲಿಪಿನೊ' ಆಯಿತು.

ಈ ಜಗಳದ ಮಧ್ಯೆ ಒಂದು ಒಳ್ಳೆಯ ಪ್ರಯೋಗ ನಡೆದಿತ್ತು. 1948ರಿಂದ 1954ರವರೆಗೆ ಇಲೊಇಲೊ ಪ್ರಾಂತ್ಯದಲ್ಲಿ ಶಾಲಾ ಅಧಿಕಾರಿ ಹೊಸೆ ಅಗಿಲಾರ್ ಒಂದು ಮತ್ತು ಎರಡನೇ ತರಗತಿಯ ಮಕ್ಕಳಿಗೆ ಅವರದ್ದೇ ಭಾಷೆ ಹಿಲಿಗೈನೊನ್‌ನಲ್ಲಿ ಪಾಠ ಮಾಡಿಸಿದರು. ಇಂಗ್ಲಿಷ್‌ನಲ್ಲಿ ಕಲಿತ ಮಕ್ಕಳಿಗಿಂತ ಇವರು ಲೆಕ್ಕದಲ್ಲೂ ಓದಿನಲ್ಲೂ ಮುಂದಿದ್ದರು. ಮೂರನೇ ತರಗತಿಯಲ್ಲಿ ಇಂಗ್ಲಿಷ್‌ಗೆ ಬದಲಾದ ಮೇಲೂ ಬೇಗ ಸರಿಸಮಕ್ಕೆ ಬಂದರು. 1957ರಿಂದ ದೇಶದಾದ್ಯಂತ ಮೊದಲ ಎರಡು ವರ್ಷ ಸ್ಥಳೀಯ ಭಾಷೆ ಬಂತು. ಆದರೆ ಮಾರ್ಕೋಸ್ ಕಾಲದ 1974ರ ದ್ವಿಭಾಷಾ ನೀತಿ ಅದನ್ನು ಅಳಿಸಿಹಾಕಿತು: ಗಣಿತ, ವಿಜ್ಞಾನ ಇಂಗ್ಲಿಷ್‌ನಲ್ಲಿ, ಉಳಿದದ್ದು ಪಿಲಿಪಿನೊದಲ್ಲಿ. ಸೆಬುವಾನೊ, ಇಲೊಕಾನೊ, ಹಿಲಿಗೈನೊನ್ ಎಲ್ಲಾ 'ಸಹಾಯಕ' ಭಾಷೆಗಳಾದವು. ಅಂದ್ರೆ ಮಗುವಿಗೆ ಅರ್ಥ ಆಗದಿದ್ದರೆ ಮೇಷ್ಟ್ರು ಬಳಸಬಹುದು, ಅಷ್ಟೇ.

ಈ ನೀತಿಗೆ ಹತ್ತು ವರ್ಷ ಕಳೆದ ಮೇಲೆ ಗೊನ್ಸಾಲೆಸ್ ಮತ್ತು ಅವರ ಹಿರಿಯ ಸಹೋದ್ಯೋಗಿ ಬೊನಿಫಾಸಿಯೊ ಸಿಬಾಯನ್ ಅದರ ಮೌಲ್ಯಮಾಪನಕ್ಕೆ ಕೈಹಾಕಿದರು. 1988ರಲ್ಲಿ ಪ್ರಕಟವಾದ ಆ ಅಧ್ಯಯನ ನನಗೆ ಅವರ ಬದುಕಿನ ಅತಿ ಮುಖ್ಯ ಕೆಲಸ ಅನಿಸುತ್ತೆ. ಯಾಕಂದ್ರೆ ಅದು ಯಾವ ಪಾಳಯಕ್ಕೂ ಖುಷಿ ಕೊಡಲಿಲ್ಲ. ಪಿಲಿಪಿನೊ ಬಂದದ್ದರಿಂದ ಇಂಗ್ಲಿಷ್ ಹಾಳಾಯ್ತು ಅನ್ನೋ ಗೋಳಿಗೆ ಅದರಲ್ಲಿ ಆಧಾರ ಸಿಗಲಿಲ್ಲ. ರಾಷ್ಟ್ರಭಾಷೆ ಬಂದ್ರೆ ಎಲ್ಲರೂ ಸಮಾನರಾಗ್ತಾರೆ ಅನ್ನೋ ಕನಸಿಗೂ ಸಿಗಲಿಲ್ಲ. ಮಕ್ಕಳ ಅಂಕಗಳನ್ನು ನಿರ್ಧರಿಸುತ್ತಿದ್ದದ್ದು ಮನೆಯ ಸ್ಥಿತಿಗತಿ, ಶಾಲೆ ಇರುವ ಜಾಗ, ಮೇಷ್ಟ್ರ ಗುಣಮಟ್ಟ. ಹುಟ್ಟಾ ತಗಾಲೊಗ್ ಆಡುವ, ಮೆಟ್ರೊ ಮನಿಲಾದಲ್ಲಿರುವ, ಒಳ್ಳೆಯ ಶಾಲೆಯಲ್ಲಿ ಓದುವ ಮಗುವಿಗೆ ಮಾತ್ರ ಈ ನೀತಿಯ ನಿಜವಾದ ಲಾಭ. ಉಳಿದ ಮಕ್ಕಳು ಒಂದರ ಬದಲು ಎರಡು ಪರಭಾಷೆಗಳನ್ನು ಹೊರಬೇಕಾಯಿತು.

ಇದಕ್ಕೂ ಮೊದಲು, 1980ರಲ್ಲಿ, ಅವರು ಭಾಷೆ ಮತ್ತು ರಾಷ್ಟ್ರೀಯತೆ ಕುರಿತ ಪುಸ್ತಕ ಬರೆದಿದ್ದರು. ಫಿಲಿಪ್ಪೀನ್ಸ್‌ನ ರಾಷ್ಟ್ರಭಾವನೆ ಒಂದು ಭಾಷೆಯ ಮೇಲೆ ನಿಂತದ್ದಲ್ಲ ಅಂತ ದಾಖಲೆಗಳ ಮೂಲಕ ತೋರಿಸಿದ ಪುಸ್ತಕ ಅದು. ಹಾಗಂತ ಅವರು ಫಿಲಿಪಿನೊ ವಿರೋಧಿಯಲ್ಲ. ಸಿಬಾಯನ್ ಜೊತೆ ಸೇರಿ ಅವರು ಮತ್ತೆ ಮತ್ತೆ ಹೇಳಿದ ಮಾತು: ಭಾಷೆಯನ್ನು ಕಾನೂನಿನಲ್ಲಿ ಬರೆದರೆ ಸಾಲದು, ವಿಶ್ವವಿದ್ಯಾಲಯ, ಪ್ರಯೋಗಾಲಯ, ನ್ಯಾಯಾಲಯಗಳಲ್ಲಿ ಅದು ನಿಜವಾಗಿ ಬಳಕೆಯಾಗಬೇಕು. ಕಾನೂನು ಇಂಗ್ಲಿಷ್‌ನಲ್ಲಿ, ಸಾಕ್ಷಿ ಹೇಳುವವರು ತಮ್ಮ ಭಾಷೆಯಲ್ಲಿ ಇರುವ ಫಿಲಿಪ್ಪೀನ್ಸ್ ಕೋರ್ಟುಗಳ ವಿಚಿತ್ರ ಸ್ಥಿತಿ ಬಗ್ಗೆಯೂ ಅವರು ಬರೆದಿದ್ದಾರೆ.

ವಿರೋಧಾಭಾಸವೂ ಇದೆ. ಇಷ್ಟೆಲ್ಲಾ ಬರೆದ ಮನುಷ್ಯ 1979ರಿಂದ 1991ರವರೆಗೆ, ಮತ್ತೆ 1994ರಿಂದ 1998ರವರೆಗೆ ಮನಿಲಾದ ಡಿ ಲಾ ಸಾಲ್ ವಿಶ್ವವಿದ್ಯಾಲಯದ ಅಧ್ಯಕ್ಷ. ಅದು ಉಳ್ಳವರ ಮಕ್ಕಳು ಇಂಗ್ಲಿಷ್‌ನಲ್ಲಿ ಓದುವ ಜಾಗ ಅಂತಲೇ ಹೆಸರುವಾಸಿ. ಇದನ್ನು ನಾನು ಬೂಟಾಟಿಕೆ ಅನ್ನಲ್ಲ. ಆದರೆ ಸರ್ಕಾರಿ ಶಾಲೆಯ ಮಗುವಿನ ಭಾಷೆಯ ಬಗ್ಗೆ ತೀರ್ಮಾನ ಮಾಡುವವರು ಬಹುತೇಕ ಇಂಥ ಕ್ಯಾಂಪಸ್‌ಗಳಿಂದಲೇ ಬರ್ತಾರೆ ಅನ್ನೋದು ಗಮನಿಸಬೇಕಾದ ಸಂಗತಿ.

1998ರಲ್ಲಿ ಅಧಿಕಾರಕ್ಕೆ ಬಂದದ್ದು ಸಿನಿಮಾ ನಟ ಜೋಸೆಫ್ ಎಸ್ಟ್ರಾಡಾ. 'ಬಡವರ ಪರ' ಅನ್ನೋದೇ ಅವರ ಘೋಷಣೆ. ಅವರ ಸಂಪುಟಕ್ಕೆ ಬ್ರದರ್ ಆಂಡ್ರ್ಯೂ ಬಂದರು. ಶಿಕ್ಷಣ ಸುಧಾರಣೆಗೆ ರಚಿಸಿದ ಅಧ್ಯಕ್ಷೀಯ ಆಯೋಗಕ್ಕೂ ಅವರೇ ಮುಖ್ಯಸ್ಥರು. ಒಂದನೇ ತರಗತಿಯಲ್ಲಿ ಪ್ರಾದೇಶಿಕ ಭಾಷೆಯನ್ನು ಮಾಧ್ಯಮವಾಗಿ ಬಳಸಬಹುದು ಅನ್ನೋದು ಆಯೋಗದ ಶಿಫಾರಸುಗಳಲ್ಲಿ ಒಂದು. ಇಲಾಖೆಯ ಕಡೆಯಿಂದ 1999ರಲ್ಲೇ 'ಸಂಪರ್ಕ ಭಾಷಾ ಯೋಜನೆ' ಶುರುವಾಗಿತ್ತು. ಆಯ್ದ ಶಾಲೆಗಳಲ್ಲಿ, ಎಳೆಯ ಮಕ್ಕಳಿಗೆ, ತಗಾಲೊಗ್, ಸೆಬುವಾನೊ ಅಥವಾ ಇಲೊಕಾನೊದಲ್ಲಿ ಪಾಠ. 1974ರಲ್ಲಿ ಮುಚ್ಚಿದ ಬಾಗಿಲು ಕಾಲು ಶತಮಾನದ ನಂತರ ಸ್ವಲ್ಪ ತೆರೆದದ್ದು ಹೀಗೆ.

ಮೂರೇ ಭಾಷೆ ಯಾಕೆ? ಪಠ್ಯಪುಸ್ತಕ, ಮೇಷ್ಟ್ರ ತರಬೇತಿ ಎಲ್ಲಕ್ಕೂ ದುಡ್ಡು ಬೇಕು, ಹಾಗಾಗಿ ಹೆಚ್ಚು ಜನರಿಗೆ ಅರ್ಥವಾಗುವ ಮೂರರಿಂದ ಶುರು ಮಾಡೋದು ವ್ಯವಹಾರಕ್ಕೆ ಸರಿ. ಆದರೆ ಪಟ್ಟಿಯಲ್ಲಿ ಏನಿಲ್ಲ ನೋಡಿ. ಪ್ರಯೋಗದ ತವರು ಇಲೊಇಲೊದ ಹಿಲಿಗೈನೊನ್ ಇಲ್ಲ. ಬಿಕೊಲ್ ಇಲ್ಲ, ವಾರೈ ಇಲ್ಲ. ಕಪಂಪಾಂಗನ್ ಕೂಡ ಇಲ್ಲ. ಯಾವ ಭಾಷೆಯ ವ್ಯಾಕರಣ ಬರೆದು ವಿದ್ವಾಂಸರಾದರೋ, ಆ ಭಾಷೆ ಆಡುವ ಮಗುವಿಗೆ ಸಚಿವ ಗೊನ್ಸಾಲೆಸ್ ಅವರ ಯೋಜನೆಯಲ್ಲಿ ಜಾಗ ಇರಲಿಲ್ಲ. ಸಂಶೋಧಕನ ತಿಳಿವಳಿಕೆ ಖಜಾನೆಯ ಬಾಗಿಲಲ್ಲಿ ಎಷ್ಟು ಕಿರಿದಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಗೊತ್ತಿಲ್ಲ.

ಅವರಿಗೆ ಸಮಯವೂ ಸಿಗಲಿಲ್ಲ. ಭ್ರಷ್ಟಾಚಾರದ ಆರೋಪದ ಮೇಲೆ ಎಸ್ಟ್ರಾಡಾ ವಿರುದ್ಧ 2000ದ ಕೊನೆಗೆ ಮಹಾಭಿಯೋಗ ಶುರುವಾಯಿತು, 2001ರ ಜನವರಿ 20ರಂದು ಜನ ಬೀದಿಗಿಳಿದು ಸರ್ಕಾರವನ್ನೇ ಇಳಿಸಿದರು. ಶಿಕ್ಷಣ ಖಾತೆ ರಾವುಲ್ ರೊಕೊ ಕೈಗೆ ಹೋಯಿತು. 2003ರಲ್ಲಿ ಅಧ್ಯಕ್ಷೆ ಗ್ಲೋರಿಯಾ ಅರೊಯೊ ಶಾಲೆಗಳಲ್ಲಿ ಇಂಗ್ಲಿಷ್ ಬಲಪಡಿಸುವ ಆದೇಶ ಹೊರಡಿಸಿದರು. ಕಾಲ್ ಸೆಂಟರ್‌ಗಳು ದೇಶಕ್ಕೆ ಬರುತ್ತಿದ್ದ ಕಾಲ ಅದು. ಬ್ರದರ್ ಆಂಡ್ರ್ಯೂ 2006ರ ಜನವರಿ 29ರಂದು ತೀರಿಕೊಂಡರು. ವಿಶ್ವವಿದ್ಯಾಲಯದ ಒಂದು ಎತ್ತರದ ಕಟ್ಟಡಕ್ಕೆ ಮತ್ತು ಶಿಕ್ಷಣ ಕಾಲೇಜಿಗೆ ಅವರ ಹೆಸರಿದೆ.

ನೀತಿಯ ಕತೆ ಅಲ್ಲಿಗೆ ಮುಗಿಯಲಿಲ್ಲ. 2009ರಲ್ಲಿ ಇಲಾಖೆ ಮಾತೃಭಾಷಾ ಶಿಕ್ಷಣದ ಆದೇಶ ಹೊರಡಿಸಿತು, 2013ರ ಕಾನೂನು ಅದಕ್ಕೆ ಬಲ ಕೊಟ್ಟಿತು. ಮೂರು ಭಾಷೆ ಇದ್ದದ್ದು ಹನ್ನೆರಡಾಗಿ, ನಂತರ ಹತ್ತೊಂಬತ್ತಾಯಿತು. ಈ ಸಲ ಕಪಂಪಾಂಗನ್, ಹಿಲಿಗೈನೊನ್ ಎರಡೂ ಇದ್ದವು. ಆದರೆ ಪುಸ್ತಕಗಳ ಕೊರತೆ, ತರಬೇತಿಯ ಕೊರತೆ, ಬೇರೆ ಬೇರೆ ಮನೆಭಾಷೆಯ ಮಕ್ಕಳು ಒಂದೇ ತರಗತಿಯಲ್ಲಿ ಇರುವ ಕಷ್ಟ, ಇವೆಲ್ಲಾ ದೂರುಗಳಾಗಿ ಸಂಸತ್ತು ತಲುಪಿದವು. 2024ರ ಅಕ್ಟೋಬರ್‌ನಲ್ಲಿ, ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಜೂನಿಯರ್ ಸಹಿಯನ್ನೂ ಹಾಕದೆ, ತಿರಸ್ಕರಿಸಲೂ ಇಲ್ಲದೆ ಬಿಟ್ಟ ಮಸೂದೆಯೊಂದು ತಾನಾಗಿ ಕಾನೂನಾಯಿತು. ಶಿಶುವಿಹಾರದಿಂದ ಮೂರನೇ ತರಗತಿವರೆಗೆ ಮಾತೃಭಾಷಾ ಮಾಧ್ಯಮದ ಕಡ್ಡಾಯ ರದ್ದಾಯಿತು. ಎಲ್ಲಾ ಮಕ್ಕಳೂ ಒಂದೇ ಭಾಷೆ ಆಡುವ ತರಗತಿಗಳಲ್ಲಿ ಬೇಕಾದರೆ ಬಳಸಬಹುದು. ಉಳಿದ ಕಡೆ ಫಿಲಿಪಿನೊ ಮತ್ತು ಇಂಗ್ಲಿಷ್. ಪ್ರಾದೇಶಿಕ ಭಾಷೆಗಳು ಮತ್ತೆ 'ಸಹಾಯಕ'.