ಚಾಳಿನ ಬಾಗಿಲು, ಬ್ಲಾಕಿನ ಬಾಗಿಲು

ವಯಸ್ಸಾದವರ ಜೊತೆ ಕೂತು ಮಾತಾಡುವುದಕ್ಕೂ ಸಂಬಳ ಕೊಡುತ್ತಾರೆ ಅಂದರೆ ಊರಿನ ಕಡೆಯವರು ಇವತ್ತಿಗೂ ನಗುತ್ತಾರೆ. ಮುಂಬಯಿಯಲ್ಲಿರುವ ನಮಗೆ ನಗು ಬರುವುದಿಲ್ಲ. ಆದರೆ ಇದು ರಾತ್ರೋರಾತ್ರಿ ಆದದ್ದಲ್ಲ, ಇದರ ಹಿಂದೆ ಈ ಶಹರದ ನೂರು ವರ್ಷದ ಕತೆಯಿದೆ.

1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರ್ಲಿ, ನಾಯಗಾಂವ್, ಶಿವಡಿ, ಡಿಲೈಲ್ ರೋಡ್‌ಗಳಲ್ಲಿ 207 ಚಾಳುಗಳನ್ನು ಕಟ್ಟಿಸಿತು. ಅವೇ ಬಿಡಿಡಿ ಚಾಳುಗಳು. ಮನೆಯೆಂದರೆ 160 ಚದರಡಿಯ ಒಂದು ಖೋಲಿ. ಎಲ್ಲ ಬಾಗಿಲೂ ತೆರೆಯುವುದು ಒಂದೇ ಪ್ಯಾಸೇಜಿಗೆ, ಕಕ್ಕಸು ಎಲ್ಲರಿಗೂ ಸೇರಿದ್ದು. ಚಾಳಿನ ಬದುಕನ್ನು ಸ್ವರ್ಗ ಎನ್ನುವವರು ಬೆಳಿಗ್ಗೆ ಡಬ್ಬ ಹಿಡಿದು ಸಾಲಿನಲ್ಲಿ ನಿಂತವರಲ್ಲ ಬಿಡಿ. ಆದರೂ ಒಂದು ಮಾತು ನಿಜ. ಬೆಳಿಗ್ಗೆ ಅಜ್ಜ ಹೊರಗೆ ಕಾಣಿಸದಿದ್ದರೆ ಯಾರಾದರೂ ಬಂದು ಬಾಗಿಲು ತಟ್ಟುತ್ತಿದ್ದರು.

ಇನ್ನೊಂದು ಕಾರಣವೂ ಇತ್ತು. ಆಗ ಅನೇಕರು ಮುಂಬಯಿಯಲ್ಲಿ ಮುದುಕರಾಗುತ್ತಲೇ ಇರಲಿಲ್ಲ! ಗಿರಣಿಯವರು ರತ್ನಾಗಿರಿಗೆ, ಸಾತಾರಕ್ಕೆ, ನಮ್ಮ ಹೋಟೆಲಿನವರು ದಕ್ಷಿಣ ಕನ್ನಡಕ್ಕೆ. ಕೈಕಾಲು ಸೋತರೆ ಊರು ಎಂಬುದೇ ಲೆಕ್ಕ.

ಆ ಲೆಕ್ಕ ತಪ್ಪಿತು. 1982ರ ಜನವರಿ 18ಕ್ಕೆ ಶುರುವಾದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಆ ಜಾಗದಲ್ಲಿ ಗಗನಚುಂಬಿಗಳು ಎದ್ದವು. ನಮ್ಮವರು ಡೊಂಬಿವಲಿ, ಬೊರಿವಲಿಯಲ್ಲಿ ಬ್ಲಾಕ್ ಕೊಂಡರು. ಮಕ್ಕಳು ಪುಣೆಗೋ ಅಮೆರಿಕಕ್ಕೋ ಹೋದರು. ಊರಿನ ಮನೆ ಪಾಲಾಗಿತ್ತು. ಬ್ಲಾಕಿನ ಸೇಫ್ಟಿ ಡೋರಿನ ಹಿಂದೆ ಗಂಡಹೆಂಡಿರಿಬ್ಬರು, ಕೆಲವು ವರ್ಷಗಳಾದ ಮೇಲೆ ಒಬ್ಬರೇ.

ಇದನ್ನು ಗುರುತಿಸಿ ಕೆಲಸಕ್ಕಿಳಿದವರಲ್ಲಿ ಡಾ. ಶೀಲು ಶ್ರೀನಿವಾಸನ್ ಒಬ್ಬರು. 1995ರಲ್ಲಿ ಅವರು ಮುಂಬಯಿಯಲ್ಲಿ ಡಿಗ್ನಿಟಿ ಫೌಂಡೇಶನ್ ಆರಂಭಿಸಿದರು. ಸ್ವಯಂಸೇವಕರು ಮನೆಗೆ ಹೋಗಿ ಒಂಟಿ ಹಿರಿಯರ ಜೊತೆ ಹೊತ್ತು ಕಳೆಯುವ ಏರ್ಪಾಡು ಅಲ್ಲಿ ಬೆಳೆಯಿತು.

ಸರಕಾರವೂ ಸುಮ್ಮನಿರಲಿಲ್ಲ. 1999ರಲ್ಲಿ ಹಿರಿಯರಿಗಾಗಿ ರಾಷ್ಟ್ರೀಯ ನೀತಿ ಬಂತು, 2007ರಲ್ಲಿ ಕಾಯ್ದೆಯೇ ಬಂತು. ಆ ಕಾಯ್ದೆ ಜೀವನಾಂಶಕ್ಕೆ ಕೊಟ್ಟ ಅರ್ಥ ನೋಡಿ: ಊಟ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ. ಮಾತಿಗೊಬ್ಬರು ಬೇಕು ಎಂಬುದು ಅದರಲ್ಲಿಲ್ಲ. ನ್ಯಾಯಮಂಡಳಿ ಮಗನಿಂದ ದುಡ್ಡು ಕೊಡಿಸಬಹುದು, ಸಂಜೆ ಅರ್ಧ ಗಂಟೆ ಕೂರಿಸಲು ಆಗುತ್ತದೆಯೆ? ಆದರೆ ಕೇಂದ್ರದ ಮಾದರಿ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿದೆ. ಪ್ರತಿ ಪೊಲೀಸ್ ಠಾಣೆ ಒಂಟಿ ಹಿರಿಯರ ಪಟ್ಟಿ ಇಡಬೇಕು, ತಿಂಗಳಿಗೊಮ್ಮೆಯಾದರೂ ಸಮಾಜಸೇವಕರೊಂದಿಗೆ ಹೋಗಿ ನೋಡಬೇಕು. 2021ರಲ್ಲಿ 14567 ಎಂಬ ಸಹಾಯವಾಣಿಯೂ ದೇಶಕ್ಕೆಲ್ಲ ಬಂತು.

2022ರ ಆಗಸ್ಟಿನಲ್ಲಿ ಶಾಂತನು ನಾಯ್ಡು ಮುಂಬಯಿಯಲ್ಲಿ ಗುಡ್‌ಫೆಲೋಸ್ ಶುರುಮಾಡಿದರು, ರತನ್ ಟಾಟಾ ಬಂಡವಾಳ ಹಾಕಿದರು. ಓದಿದ ಯುವಕ ಯುವತಿಯರು ಮನೆಗೆ ಬಂದು ಮೊಮ್ಮಕ್ಕಳಂತೆ ಹರಟುತ್ತಾರೆ, ವಾಕಿಂಗಿಗೆ ಕರೆದೊಯ್ಯುತ್ತಾರೆ, ಮೊಬೈಲು ಕಲಿಸುತ್ತಾರೆ. ಚಾಳಿನಲ್ಲಿ ಪುಕ್ಕಟೆ ಸಿಗುತ್ತಿದ್ದದ್ದಕ್ಕೆ ಈಗ ತಿಂಗಳ ಚಂದಾ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅಡುಗೆಯವರಿಗೆ, ದಾದಿಯರಿಗೆ ಕೊಡುವುದಿಲ್ಲವೆ?

ನನ್ನ ಚಿಂತೆ ಬೇರೆ. ಆ ಹುಡುಗ ಮಾತಾಡುವುದು ಯಾವ ಭಾಷೆಯಲ್ಲಿ? ಐವತ್ತು ವರ್ಷ ಹಿಂದಿ ಮರಾಠಿಯಲ್ಲಿ ವ್ಯವಹಾರ ಮಾಡಿದವರೂ ವಯಸ್ಸಾದಂತೆ ತಾಯಿನುಡಿಗೇ ಮರಳುವುದನ್ನು ನೀವೂ ನೋಡಿರಬಹುದು. ಮರೆವಿನ ಕಾಯಿಲೆ ಬಂದ ಹಲವರಲ್ಲಿ ಆಮೇಲೆ ಕಲಿತ ಭಾಷೆಯೇ ಮೊದಲು ಹೋಗುತ್ತದೆ. ಅಂಥವರಿಗೆ ಕನ್ನಡ ಬಾರದ ಜೊತೆಗಾರ ಎಷ್ಟು ಒಳ್ಳೆಯವನಾದರೂ ಅರ್ಧ ಜೊತೆಯೇ.

ಇಲ್ಲಿ ನಮ್ಮದೇ ಚರಿತ್ರೆ ದಾರಿ ತೋರಿಸುತ್ತದೆ. 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ ಇವತ್ತಿಗೂ ಇವೆ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗೆ ಕನ್ನಡ ರಾತ್ರಿ ಶಾಲೆ ನಡೆಸಿದ ಊರಿದು. ಅಲ್ಲಿ ಅಕ್ಷರ ಕಲಿತ ಹುಡುಗರೇ ಈಗ ಎಂಬತ್ತರ ಆಸುಪಾಸಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಪ್ರತಿ ಸಂಘ ತನ್ನ ಒಂಟಿ ಸದಸ್ಯರ ಪಟ್ಟಿ ಮಾಡಿ, ವಾರಕ್ಕೊಮ್ಮೆ ಕನ್ನಡ ಬಲ್ಲ ಒಬ್ಬರನ್ನು ಕಳಿಸಿದರೆ ಸಾಕು. ರಾಜ್ಯೋತ್ಸವದ ಶಾಲು, ಹಾರದ ಖರ್ಚಿಗಿಂತ ಕಡಿಮೆಯಲ್ಲೇ ಆಗುತ್ತದೆ.

ನಿಮ್ಮ ಬಿಲ್ಡಿಂಗಿನಲ್ಲೂ ಅಂಥವರೊಬ್ಬರು ಇರಬಹುದು. ಏನಂತೀರಿ?