ಬಿದ್ದ ಕಂಬಗಳ ಲೆಕ್ಕ

ಕಲ್ಲಿದ್ದಲು ಗಣಿಯೊಳಗೆ ಮೇಲಿರುವ ಬಂಡೆಯನ್ನು ಹೊತ್ತು ನಿಲ್ಲುವುದು ಯಾವುದು? ಮರದ ದಿಮ್ಮಿ, ಉಕ್ಕಿನ ಬೋಲ್ಟು ಅಂತೆಲ್ಲ ಹೇಳಬಹುದು. ಆದರೆ ಅವು ತಡೆಯುವುದು ತಲೆಯ ಮೇಲಿನ ಸಡಿಲ ಪದರವನ್ನಷ್ಟೆ. ನಿಜವಾದ ಭಾರ ಹೊರುವುದು ಅಗೆಯದೆ ಬಿಟ್ಟ ಕಲ್ಲಿದ್ದಲಿನ ಕಂಬಗಳು. ಓಣಿಗಳನ್ನು ಅಡ್ಡಡ್ಡ, ಉದ್ದುದ್ದ ಕೊರೆದು ನಡುವೆ ಚೌಕ ಚೌಕವಾಗಿ ಕಂಬ ಬಿಡುತ್ತಾರೆ. ಕಂಬ ದಪ್ಪಗಿದ್ದಷ್ಟೂ ಕ್ಷೇಮ, ಸಣ್ಣಗಿದ್ದಷ್ಟೂ ಲಾಭ. ಜಗಳ ಇರುವುದೇ ಇಲ್ಲಿ.

ಲೆಕ್ಕ ಸುಲಭ ಸ್ವಾಮಿ. 150 ಮೀಟರ್ ಆಳದಲ್ಲಿ ಬಂಡೆಯ ಒತ್ತಡ ಸುಮಾರು 3.75 ಮೆಗಾಪಾಸ್ಕಲ್. 12 ಮೀಟರ್ ಅಗಲದ ಕಂಬ, 6 ಮೀಟರ್ ಓಣಿ ಅಂದುಕೊಳ್ಳಿ. ಪ್ರತಿ ಕಂಬವೂ 18 ಮೀಟರ್ ಚೌಕದ ಭಾರ ಹೊರಬೇಕು. ಅಂದರೆ ಒತ್ತಡ ಎರಡೂಕಾಲು ಪಟ್ಟು. ಆದರೆ ಕಂಬ ಎಷ್ಟು ತಡೆದೀತು? 1960ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ ಉತ್ತರ ಅನುಭವ, ಅಂದಾಜು ಅಷ್ಟೆ.

ಅಲ್ಲಿನ ಆರೆಂಜ್ ಫ್ರೀ ಸ್ಟೇಟ್ ಪ್ರಾಂತ್ಯದಲ್ಲಿ ಕೋಲ್‌ಬ್ರೂಕ್ ಅಂತ ಒಂದು ಗಣಿ. ಹೆಚ್ಚು ಕಲ್ಲಿದ್ದಲು ಬೇಕೆಂದು ಓಣಿಗಳ ಮೇಲ್ಭಾಗವನ್ನೂ ಕೆರೆದು ತೆಗೆಯುತ್ತಿದ್ದರು. ಓಣಿ ಎತ್ತರವಾದರೆ ಕಂಬವೂ ಎತ್ತರವಾಯಿತು, ಅಗಲ ಮಾತ್ರ ಅಷ್ಟೇ. 1959ರ ಡಿಸೆಂಬರ್ 28ರಂದು ಒಂದು ಭಾಗ ಕುಸಿಯಿತು. ಅದು ಎಚ್ಚರಿಕೆ. ಕೆಲಸ ಮಾತ್ರ ನಿಲ್ಲಲಿಲ್ಲ. 1960ರ ಜನವರಿ 21ರಂದು ಒಂದು ಕಂಬ ಸೋತು, ಅದರ ಭಾರ ಪಕ್ಕದ್ದರ ಮೇಲೆ ಬಿದ್ದು, ಅದೂ ಸೋತು.. ಹೀಗೆ ಸುಮಾರು 3 ಚದರ ಕಿಲೋಮೀಟರ್ ಕುಸಿಯಿತು. ಸತ್ತವರು 435 ಜನ. ಬಹುಪಾಲು ಬಸುಟೋಲ್ಯಾಂಡ್ (ಇಂದಿನ ಲೆಸೊಥೊ) ಮತ್ತು ಮೊಜಾಂಬಿಕ್‌ನಿಂದ ಕೂಲಿಗೆ ಬಂದವರು. ಮೇಲಿನಿಂದ ರಂಧ್ರ ಕೊರೆದು ಹುಡುಕಿದರು. ಒಂದು ಶವವೂ ಹೊರಬರಲಿಲ್ಲ.

ಆಮೇಲೆ ಸಂಶೋಧನೆ ಶುರುವಾಯಿತು. ಹಂಗೇರಿಯಲ್ಲಿ ಹುಟ್ಟಿದ ಮಿಕ್ಲೋಷ್ ಸಾಲಮನ್, ಜೊತೆಗೆ ಮನ್ರೋ. ಪ್ರಯೋಗಾಲಯದಲ್ಲಿ ಒಂದು ತುಂಡು ಕಲ್ಲಿದ್ದಲು ಪುಡಿಮಾಡಿ ನೋಡಿದರೆ ಇಡೀ ಕಂಬದ ಶಕ್ತಿ ತಿಳಿಯುವುದಿಲ್ಲ. ಅವರು ಗಣಿಗಳನ್ನೇ ಪ್ರಯೋಗಾಲಯ ಮಾಡಿಕೊಂಡರು. ನಿಂತಿದ್ದ 98 ಕಡೆಗಳು, ಕುಸಿದಿದ್ದ 27 ಕಡೆಗಳು. ಎಲ್ಲದರ ಆಳ, ಅಗಲ, ಎತ್ತರ ಸೇರಿಸಿ, ಸಂಖ್ಯಾಶಾಸ್ತ್ರ ಹಚ್ಚಿ 1967ರಲ್ಲಿ ಒಂದು ಸೂತ್ರ ಪ್ರಕಟಿಸಿದರು. ಕಂಬದ ಶಕ್ತಿ = 7.2 × ಅಗಲದ 0.46ನೇ ಘಾತ ÷ ಎತ್ತರದ 0.66ನೇ ಘಾತ.

ಮೇಲಿನ ಉದಾಹರಣೆಗೇ ಹಾಕಿ ನೋಡಿ. ಭಾರ 8.4. ಎತ್ತರ 2.4 ಮೀಟರ್ ಇದ್ದರೆ ಶಕ್ತಿ 12.7, ಅನುಪಾತ 1.5. ಎತ್ತರ 4.3 ಮೀಟರ್ ಆದರೆ ಶಕ್ತಿ 8.6; ಅನುಪಾತ 1ಕ್ಕೆ ಕೂದಲೆಳೆಯಷ್ಟು ಮೇಲೆ! ಅನುಪಾತ 1 ಅಂದರೆ ಉಳಿಯುವುದು, ಬೀಳುವುದು ಅರ್ಧಕ್ಕರ್ಧ. ಮುಂದೆ 1.6 ಇರಬೇಕು ಅನ್ನುವುದು ಅಲ್ಲಿನ ರೂಢಿಯಾಯಿತು.

ನಮ್ಮ ಕೆಲಸದಲ್ಲಿ ಪ್ರೋಗ್ರಾಮು ಬಿದ್ದರೆ ಲಾಗ್ ಫೈಲ್ ಓದುತ್ತೇವೆ, ಸರಿಮಾಡಿ ಮತ್ತೆ ಓಡಿಸುತ್ತೇವೆ. ಇಲ್ಲಿ ಬಿದ್ದ 27ರಲ್ಲಿ ಕೋಲ್‌ಬ್ರೂಕ್ ಕೂಡ ಒಂದು ಸಾಲು. ಪಠ್ಯಪುಸ್ತಕದಲ್ಲಿ ಆ 0.66 ಬರೀ ಒಂದು ಘಾತಾಂಕ. ಅದರ ಹಿಂದಿರುವ 435 ಜನ ಇನ್ನೂ ನೆಲದಡಿಯಲ್ಲೇ ಇದ್ದಾರೆ.

ಹೀಗೆ ಸಾವಿನಿಂದ ಹುಟ್ಟಿದ ಸೂತ್ರ ನಿಮಗೆ ಬೇರೆ ಯಾವುದಾದರೂ ಗೊತ್ತಿದ್ದರೆ ಬರೆಯಿರಿ.