ಹಳೆಯ ಹಾಡೇ ಶ್ರೇಷ್ಠ ಎಂದು ವಿಜ್ಞಾನ ಹೇಳಿದೆಯೇ?

"ಹಳೆಯ ಹಾಡುಗಳೇ ಶ್ರೇಷ್ಠ, ಈಗಿನವು ಬರೀ ಗದ್ದಲ. ಇದು ವಿಜ್ಞಾನದಿಂದಲೇ ಸಾಬೀತಾಗಿದೆ!" ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. "ಅವರವರ ರುಚಿ ಅವರವರಿಗೆ, ಅದರಲ್ಲಿ ಸರಿ ತಪ್ಪು ಇಲ್ಲ" ಎನ್ನುವವರೂ ಇದ್ದಾರೆ. ಎರಡೂ ಅರ್ಧ ಸತ್ಯ.

ಅಳೆಯಲು ಸಾಧ್ಯವಿರುವುದು ಏನು?

ಪ್ರತಿ ಸ್ವರಕ್ಕೂ ಒಂದು ಆವರ್ತನವಿದೆ, ಅಂದರೆ ಸೆಕೆಂಡಿಗೆ ಇಷ್ಟು ಕಂಪನ ಎಂಬ ಲೆಕ್ಕ. ಷಡ್ಜ 240 ಆದರೆ ಪಂಚಮ 360, ಮೇಲಿನ ಷಡ್ಜ 480. ಹಾಡುವವರ ಶ್ರುತಿ ತಪ್ಪಿತೇ, ತಾಳ ಜಾರಿತೇ ಎಂಬುದನ್ನು ಉಪಕರಣವೂ ಹೇಳಬಲ್ಲದು. ಇದು ರುಚಿಯ ವಿಷಯವಲ್ಲ.

ಆದರೆ ಅಳತೆಯೇ ತೀರ್ಪಲ್ಲ. ಹಾರ್ಮೋನಿಯಂ ಮನೆಗಳ ಸ್ವರ ಸ್ಥಿರ. ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾ ಸಾಗಲು, ಗಮಕ ನುಡಿಸಲು ಆಗದು. ಇದು ನಿಜ. ಇಂಥ ಕಾರಣಗಳಿಂದಲೇ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಸುಮಾರು 30 ವರ್ಷ ಅದನ್ನು ನುಡಿಸುವವರಿಗೆ ರೇಡಿಯೋ ಬಾಗಿಲು ಮುಚ್ಚಿತ್ತು. ಅದೇ ವಾದ್ಯವಿಲ್ಲದೆ ನಮ್ಮ ಕಂಪನಿ ನಾಟಕಗಳ ರಂಗಗೀತೆಯನ್ನು ಊಹಿಸಲೂ ಆಗದು! ವಾದ್ಯದ ಮಿತಿಯನ್ನು ಅಳೆಯಬಹುದು, ಅದು "ಕೀಳು" ಎನ್ನುವುದು ಮನುಷ್ಯರ ತೀರ್ಮಾನ.

ಇಂಪು ಹುಟ್ಟಿನಿಂದ ಬರುತ್ತದೆಯೇ?

ಬೊಲಿವಿಯಾದ ಕಾಡಿನಲ್ಲಿ ಚಿಮಾನೆ ಎಂಬ ಸಮುದಾಯವಿದೆ. ಪಾಶ್ಚಾತ್ಯ ಸಂಗೀತದ ಪರಿಚಯ ಅವರಿಗೆ ಬಹಳ ಕಡಿಮೆ. ಪಾಶ್ಚಾತ್ಯರು ಇಂಪು ಎನ್ನುವ ಸ್ವರಜೋಡಣೆ ಮತ್ತು ಕರ್ಕಶ ಎನ್ನುವ ಜೋಡಣೆ ಎರಡನ್ನೂ ಅವರಿಗೆ ಕೇಳಿಸಿದಾಗ, ಎರಡೂ ಸಮಾನವಾಗಿ ಹಿತ ಎಂದರು. ಈ ಅಧ್ಯಯನ 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಾಗೆಂದು ಎಲ್ಲವೂ ಅಭ್ಯಾಸವಲ್ಲ. ಗರಗರ ಎನ್ನುವ ಒರಟು ಶಬ್ದ ಅವರಿಗೂ ಹಿಡಿಸಲಿಲ್ಲ.

ಹಿಟ್ ಆದದ್ದೆಲ್ಲ ಚೆನ್ನಾಗಿರುತ್ತದೆಯೇ?

2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಮೆರಿಕದ ಪ್ರಯೋಗವೊಂದರಲ್ಲಿ 14,000ಕ್ಕೂ ಹೆಚ್ಚು ಜನರಿಗೆ, ಹೆಚ್ಚಿನವರಿಗೆ ಗೊತ್ತಿಲ್ಲದ 48 ಹಾಡುಗಳನ್ನು ಕೊಡಲಾಯಿತು. ಅವರಲ್ಲಿ ಹಲವರನ್ನು 8 ಗುಂಪುಗಳಾಗಿ ಮಾಡಿ, ತಮ್ಮ ಗುಂಪಿನವರು ಯಾವ ಹಾಡನ್ನು ಎಷ್ಟು ಬಾರಿ ಡೌನ್‌ಲೋಡ್ ಮಾಡಿದ್ದಾರೆ ಎಂದು ತೋರಿಸಲಾಯಿತು. ಫಲಿತಾಂಶ? ಒಂದೇ ಹಾಡು ಒಂದು ಗುಂಪಿನಲ್ಲಿ 1ನೇ ಸ್ಥಾನ, ಇನ್ನೊಂದರಲ್ಲಿ 40ನೇ ಸ್ಥಾನ! ಆದರೂ ಬಹಳ ಚೆನ್ನಾಗಿದ್ದವು ಪೂರ್ತಿ ಸೋತದ್ದು ಅಪರೂಪ, ತೀರಾ ಸಪ್ಪೆಯಾದವು ಗೆದ್ದದ್ದೂ ಅಪರೂಪ. ನಡುವಿನ ಹಾಡುಗಳ ಹಣೆಬರಹವನ್ನು ಹೆಚ್ಚಾಗಿ ಬರೆದದ್ದು "ಎಲ್ಲರೂ ಕೇಳುತ್ತಿದ್ದಾರೆ" ಎಂಬ ಸಂಖ್ಯೆ.

ಹಾಗಾದರೆ ಹಳೆಯ ಹಾಡು?

ಹರೆಯದಲ್ಲಿ ಕೇಳಿದ ಹಾಡು ನೆನಪಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಜೊತೆಗೆ, ಆ ಕಾಲದ ಸಪ್ಪೆ ಹಾಡುಗಳನ್ನು ಎಲ್ಲರೂ ಮರೆತಿದ್ದೇವೆ. ಅಂದಿನ ಆಯ್ದ ಹಾಡುಗಳನ್ನು ಇಂದಿನ ಎಲ್ಲ ಹಾಡುಗಳ ಜೊತೆ ತೂಗಿದರೆ ತಕ್ಕಡಿ ಒಂದು ಕಡೆ ವಾಲುವುದು ಸಹಜ.

ಇಂಥ ಸಂದೇಶ ಮತ್ತೆ ಬಂದರೆ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಅಳೆದದ್ದು ಏನು? ಶ್ರುತಿಯೋ, ವೇಗವೋ, ಶಬ್ದದ ಮಟ್ಟವೋ? ಅದು ಸಿಕ್ಕರೆ ಅಷ್ಟನ್ನು ನಂಬಿ. "ಆದ್ದರಿಂದ ನಿಮ್ಮ ಮಕ್ಕಳು ಕೇಳುವುದು ಕಸ" ಎಂಬ ಮುಂದಿನ ಸಾಲು ವಿಜ್ಞಾನದ್ದಲ್ಲ, ಸಂದೇಶ ಬರೆದವರದ್ದು.